ಎಡಗಡೆ ದನ

ಮೂರು ದಿನ ಬಿಡದೆ ಹೊಡೆದ ಪುನರ್ವಸು ಮಳೆ ಆ ಶನಿವಾರ ಸ್ವಲ್ಪ ಹೊಳವಾಗಿತ್ತು. 2025ರ ಜುಲೈ ತಿಂಗಳು. ಹೊಳವು ಸಿಕ್ಕಿತೆಂದು ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವವರು ಬಂದಿದ್ದರು. ಇವರು ಅವರ ಜೊತೆ ಉಳಿದರು. ನಾನೊಬ್ಬಳೇ ಕೊಪ್ಪಕ್ಕೆ ಹೋಗಿ, ಸೊಸೈಟಿ ಕೆಲಸ ಮುಗಿಸಿ, ಇವರ ಬಿ.ಪಿ. ಮಾತ್ರೆ ಕೊಂಡು ಕಾರಿನಲ್ಲಿ ವಾಪಸ್ಸು ಬರುತ್ತಿದ್ದೆ.

ಹೆದ್ದಾರಿ ಬಿಟ್ಟು ನಮ್ಮೂರಿನ ರಸ್ತೆಗೆ ಹೊರಳಿದ ಮೇಲೆ, ಮೂರನೇ ತಿರುವಿನಲ್ಲಿ ಸಂಕದ ಕಡೆಯಿಂದ ಒಂದು ಕಾಲುದಾರಿ ಬಂದು ಸೇರುತ್ತದೆ. ಮೂವತ್ತು ವರ್ಷದಿಂದ ಓಡಿಸಿದ ತಿರುವು. ಎರಡನೇ ಗೇರಿಗೆ ಇಳಿಸಿದೆ, ಹಾರ್ನ್ ಮಾಡಿದೆ, ತಿರುಗಿಸಿದೆ. ಎಡಗಡೆ ಬಾಗಿಲಿಗೆ ಏನೋ ಟಪ್ ಎಂದು ಬಡಿಯಿತು. ನಿಲ್ಲಿಸಿ, ಇಳಿದು, ಆ ಕಡೆಗೆ ಹೋಗಿ ನೋಡಿದರೆ ಕೆಳಮನೆಯ ಹುಡುಗ. ಏಳನೇ ಕ್ಲಾಸಿನವನು. ಮೊಣಕಾಲವರೆಗೆ ಚರಂಡಿ ನೀರಿನಲ್ಲಿ ನಿಂತಿದ್ದ. ಬಡಿದದ್ದು ಅವನ ಕೊಡೆ. ಅದರ ಒಂದು ಕಡ್ಡಿ ಮುರಿದಿತ್ತು. ಅವನಿಗೆ ಏನೂ ಆಗಿರಲಿಲ್ಲ.

"ಅಜ್ಜಿ, ನೀವು ನಿಲ್ಲಿಸ್ತೀರಿ ಅಂತ ಕೈ ಮಾಡ್ದೆ. ನಾನು ಕಾಣ್ಲಿಲ್ವ?"

ಕಾಣಲಿಲ್ಲ. ಮಸುಕಾಗಿ ಕಂಡದ್ದೂ ಅಲ್ಲ, ಕಂಡು ಗಮನಿಸದೆ ಹೋದದ್ದೂ ಅಲ್ಲ. ಆ ಜಾಗದಲ್ಲಿ ನನಗೆ ಕಂಡದ್ದು ಧರೆ, ಧರೆಯ ಮೇಲಿನ ಜರಿಗಿಡ, ಖಾಲಿ ರಸ್ತೆ ಅಂಚು. ಬೆನ್ನಿಗೆ ಕೆಂಪು ಬ್ಯಾಗು ಹಾಕಿಕೊಂಡು ಕೈ ಬೀಸುತ್ತಿದ್ದ ಹುಡುಗ ಅಲ್ಲಿ ಇರಲೇ ಇಲ್ಲ. "ಗಾಜಿನ ಮೇಲೆ ನೀರಿತ್ತು ಮಗಾ" ಅಂದೆ. ಗಾಜು ಒಣಗಿತ್ತು. ಅವನನ್ನು ಮನೆವರೆಗೆ ಬಿಟ್ಟು, ಕೊಡೆ ರಿಪೇರಿಗೆ ಅಂತ ದುಡ್ಡು ಕೊಟ್ಟು ಬಂದೆ. ಆ ಮಗುವಿನ ಎದುರು ಹೇಳಿದ ಸುಳ್ಳು ಇವತ್ತಿಗೂ ಚುಚ್ಚುತ್ತದೆ.

ಮನೆಯಲ್ಲಿ ಇವರಿಗೆ ಹೇಳಲಿಲ್ಲ. ಹೇಳಿದರೆ ಮುಂದಿನ ಮಾತು ಯಾವುದು ಅಂತ ಗೊತ್ತಿತ್ತು, ಆ ಮಾತು ಕೇಳಲು ನಾನು ತಯಾರಿರಲಿಲ್ಲ.

ಕಾರು ನನಗೆ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು 1950ರಲ್ಲಿ. ಡ್ರೈವಿಂಗ್ ಕಲಿತದ್ದು 1987ರಲ್ಲಿ, ಮೂವತ್ತೇಳನೇ ವಯಸ್ಸಿಗೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಶಾಲೆಗೆ ಹೋಗಲು ಹೆದ್ದಾರಿವರೆಗೆ ನಾಲ್ಕು ಕಿಲೋಮೀಟರ್ ನಡೆದು ಬಸ್ಸು ಹಿಡಿಯಬೇಕು. ಮಳೆಗಾಲದಲ್ಲಿ ಸೀರೆಯ ನೆರಿಗೆಯಲ್ಲಿ ಇಂಬಳ ಹತ್ತಿಸಿಕೊಂಡೇ ಕ್ಲಾಸಿಗೆ ಹೋದ ದಿನಗಳಿವೆ. ಭಾವನವರ ಮನೆಯಲ್ಲಿ ಹಳೇ ಜೀಪಿತ್ತು. ಗೇರು ಇಳಿಸುವಾಗ ಕ್ಲಚ್ಚು ಎರಡು ಸಲ ಒತ್ತಬೇಕಿದ್ದ ಜೀಪು, ಸ್ಟೇರಿಂಗ್ ತಿರುಗಿಸಲು ಇಡೀ ಮೈ ಹಾಕಬೇಕಿತ್ತು. ಅವರ ಡ್ರೈವರ್ ಭಾನುವಾರ ಭಾನುವಾರ ಗದ್ದೆಕೊಯ್ಲು ಮುಗಿದ ಬಯಲಿನಲ್ಲಿ ಕಲಿಸಿದರು. ಚಿಕ್ಕಮಗಳೂರಿನಲ್ಲಿ ಟೆಸ್ಟಿಗೆ ನಿಂತ ದಿನ ಸಾಲಿನಲ್ಲಿದ್ದ ಹೆಂಗಸು ನಾನೊಬ್ಬಳೇ. 1995ರಲ್ಲಿ ಸೆಕೆಂಡ್ ಹ್ಯಾಂಡ್ ಮಾರುತಿ 800 ಕೊಂಡೆವು, ಅದು ಸವೆದ ಮೇಲೆ ವ್ಯಾಗನ್ ಆರ್. ಇವರು ಸ್ಟೇರಿಂಗ್ ಮುಟ್ಟಿದವರೇ ಅಲ್ಲ. ಊರಿನ ನಾಲ್ಕು ಹೆರಿಗೆಗೆ, ಹಾವು ಕಚ್ಚಿದ ಇಬ್ಬರಿಗೆ, ಹತ್ತನೇ ಕ್ಲಾಸಿನ ಪರೀಕ್ಷೆ ದಿನ ಬಸ್ಸು ತಪ್ಪಿದ ಎಷ್ಟೋ ಮಕ್ಕಳಿಗೆ ನಮ್ಮ ಕಾರು ಹೋಗಿದೆ. ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ನಿಂತು "ಟೀಚರೇ" ಅಂತ ಕೂಗಿದರೆ ನಾನು ಮೊದಲು ಹುಡುಕುತ್ತಿದ್ದದ್ದು ಕಾರಿನ ಕೀ.

ಹುಡುಗನ ಕೊಡೆ ಮುರಿದ ಮೇಲೆ ಎರಡು ವಾರ ಏನೇನೋ ನೆಪ ಹೇಳಿ ಕಾರು ತೆಗೆಯಲಿಲ್ಲ. ಒಂದು ಮಾತು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಸುಮಾರು ಒಂದು ವರ್ಷದಿಂದ ಕಾರಿನಲ್ಲಿ ಪಕ್ಕ ಕೂತ ಇವರು "ಎಡಗಡೆ ದನ", "ಎಡಗಡೆ ಬೈಕು", "ಎಡಕ್ಕೆ ಯಾರೋ ನಡೀತಿದಾರೆ" ಅಂತ ಹೇಳುತ್ತಾ ಬರುವುದು ರೂಢಿಯಾಗಿತ್ತು. ನನಗೆ ಸಿಟ್ಟು ಬರುತ್ತಿತ್ತು. "ನನಗೇನು ಕಣ್ಣಿಲ್ವಾ?" ಅಂತ ಒಂದು ಸಲ ರೇಗಿಯೂ ಇದ್ದೆ. ಆಮೇಲೂ ಅವರು ಹೇಳುವುದು ನಿಲ್ಲಿಸಿರಲಿಲ್ಲ, ದನಿ ತಗ್ಗಿಸಿದ್ದರು ಅಷ್ಟೆ. ಬಲಗಡೆ ದನ ಅಂತ ಅವರು ಒಂದು ದಿನವೂ ಹೇಳಿದ್ದಿಲ್ಲ. ಅದು ನನಗೆ ಹೊಳೆದದ್ದು ಒಂದು ಸಂಜೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದಾಗ.

ಮಕ್ಕಳಿಗೆ ಪ್ರತಿ ವರ್ಷ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಹಾಳೆಯ ಎಡಕ್ಕೊಂದು ಕೂಡಿಸುವ ಗುರುತು, ಬಲಕ್ಕೆ ಎಂಟು ಸೆಂಟಿಮೀಟರ್ ದೂರದಲ್ಲಿ ಒಂದು ದಪ್ಪ ಚುಕ್ಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಆ ಗುರುತನ್ನೇ ನೋಡುತ್ತಾ ಹಾಳೆಯನ್ನು ನಿಧಾನಕ್ಕೆ ಹತ್ತಿರ ತಂದರೆ ಒಂದು ದೂರದಲ್ಲಿ ಚುಕ್ಕಿ ಮಾಯ. ನೇತ್ರನರ ಕಣ್ಣಿನಿಂದ ಹೊರಗೆ ಹೋಗುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ, ಅದು ಅಂಧಬಿಂದು. ಮಕ್ಕಳು "ಹೋಯ್ತು ಹೋಯ್ತು" ಅಂತ ಕುಣಿಯುತ್ತಿದ್ದರು. ನಾನು ಕೇಳುತ್ತಿದ್ದೆ: "ಚುಕ್ಕಿ ಹೋದ ಜಾಗದಲ್ಲಿ ಏನು ಕಾಣ್ತು? ಕಪ್ಪು ತೂತು ಕಾಣ್ತಾ?" "ಇಲ್ಲ ಟೀಚರ್, ಬಿಳೀ ಹಾಳೆ." ಕಣ್ಣು ತರದ ಸುದ್ದಿಯನ್ನು ಮಿದುಳು ಸುತ್ತಲಿನ ಬಣ್ಣದಿಂದ ತುಂಬಿಬಿಡುತ್ತದೆ ಅಂತ ಇಪ್ಪತ್ತೇಳು ವರ್ಷ ಪಾಠ ಮಾಡಿದ್ದೇನೆ. ಖಾಲಿ ರಸ್ತೆ ಅಂಚು, ಜರಿಗಿಡ, ಧರೆ. ಆ ತಿರುವಿನಲ್ಲಿ ನನಗೆ ಕಂಡದ್ದು ಬಿಳೀ ಹಾಳೆ.

ಅವತ್ತೇ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಇವರ ಎದುರು ಸ್ಟೂಲು ಹಾಕಿಕೊಂಡು ಕೂತೆ. "ನಾನು ನಿಮ್ಮ ಮೂಗನ್ನೇ ನೋಡ್ತೀನಿ. ನೀವು ಬೆರಳು ಆಡಿಸ್ತಾ ಬದಿಯಿಂದ ಮುಂದಕ್ಕೆ ತನ್ನಿ. ಕಂಡ ಕೂಡ್ಲೆ ಹೇಳ್ತೀನಿ" ಅಂದೆ. ಬಲಗಡೆ ಬೇಗ ಕಂಡಿತು. ಎಡಗಡೆಯಿಂದ ತಂದರು. "ಈಗ?" ಇಲ್ಲ. "ಈಗ?" ಇಲ್ಲ. ಬೆರಳು ಅವರ ಭುಜ ದಾಟಿ ಮುಖದ ಹತ್ತಿರ ಬಂದ ಮೇಲೆ ಥಟ್ಟನೆ ಎಲ್ಲಿಂದಲೋ ಹುಟ್ಟಿದ ಹಾಗೆ ಕಂಡಿತು. ಕೈ ಕೆಳಗಿಳಿಸಿ ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ದನ ದನ ಅಂತ ನಾನು ಸುಮ್ನೆ ಹೇಳ್ತಿದ್ನಾ ಮಾರಾಯ್ತಿ?"

ನಾನು ಹುಡುಗನ ಕೊಡೆಯ ವಿಷಯ ಹೇಳಿದೆ.

ಬಾಡಿಗೆ ಕಾರಿನಲ್ಲಿ ತೀರ್ಥಹಳ್ಳಿ ದಾರಿಯಾಗಿ ಶಿವಮೊಗ್ಗಕ್ಕೆ ಹೋದೆವು. 2018ರಲ್ಲಿ ಎರಡೂ ಕಣ್ಣಿಗೆ ಪೊರೆ ಆಪರೇಶನ್ ಆಗಿತ್ತು. ಆಮೇಲೆ ಎದುರು ಬರುವ ಲೈಟು ಚದುರುವುದು ನಿಂತು, ರಾತ್ರಿ ರಸ್ತೆ ಸ್ವಚ್ಛವಾಗಿ ಕಂಡು, ಕಣ್ಣು ಹೊಸದಾಯಿತು ಅಂತಲೇ ನಂಬಿದ್ದೆ. ಕೊರೋನಾ ಬಂದ ವರ್ಷದಿಂದ ತಪಾಸಣೆಗೆ ಹೋಗಿರಲೇ ಇಲ್ಲ. ಈಗ ಕಣ್ಣಿನ ಒತ್ತಡ ಅಳೆದರು. ಸಾಮಾನ್ಯವಾಗಿ 10ರಿಂದ 21ರ ಒಳಗಿರಬೇಕು. ನನ್ನ ಎಡಗಣ್ಣಿನಲ್ಲಿ 29, ಬಲಗಣ್ಣಿನಲ್ಲಿ 24.

ಆಮೇಲೆ ದೃಷ್ಟಿವ್ಯಾಪ್ತಿಯ ಪರೀಕ್ಷೆ. ಕತ್ತಲೆ ಕೋಣೆ. ಬಟ್ಟಲಿನ ಒಳಮೈಯಂಥ ಬಿಳೀ ಗುಮ್ಮಟದ ಎದುರು ಗದ್ದ ಊರಿ ಕೂರಿಸುತ್ತಾರೆ, ಒಂದು ಕಣ್ಣಿಗೆ ಪಟ್ಟಿ. ನಡುವಿನ ದೀಪ ಬಿಟ್ಟು ದೃಷ್ಟಿ ಕದಲಿಸಬಾರದು. ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಯಂತ್ರದ ಸಣ್ಣ ಸದ್ದು ಕೇಳುತ್ತಲೇ ಇತ್ತು, ಚುಕ್ಕಿ ಬರುತ್ತಿರಲಿಲ್ಲ. ಯಂತ್ರ ನಿಂತಿದೆಯೇನೋ ಅನ್ನಿಸಿ ಕೇಳಿದೆ. "ನಡೀತಾ ಇದೆ ಅಮ್ಮ, ನೀವು ನಡೂಮಧ್ಯ ನೋಡ್ತಾ ಇರಿ" ಅಂದಳು ಪರೀಕ್ಷೆ ಮಾಡುತ್ತಿದ್ದ ಹುಡುಗಿ. ಉತ್ತರ ಬರೆಯಲಾಗದೆ ಪೆನ್ನು ಹಿಡಿದು ಕೂತ ಮಕ್ಕಳನ್ನು ಎಷ್ಟೋ ಪರೀಕ್ಷೆಗಳಲ್ಲಿ ನೋಡಿದ್ದೇನೆ. ಆ ಕೋಣೆಯಲ್ಲಿ ಅವರೆಲ್ಲ ನೆನಪಾದರು.

ಗ್ಲಾಕೋಮಾ, ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನೇತ್ರನರ ಸವೆಯುವ ಕಾಯಿಲೆ. ಡಾಕ್ಟರು, ನನ್ನ ಮಗಳಿಗಿಂತ ಚಿಕ್ಕವರು, ಹಾಳೆ ತೋರಿಸಿ ವಿವರಿಸಿದರು. ಎಡಗಣ್ಣಿನಲ್ಲಿ ನಡುವಿನ ಸ್ವಲ್ಪ ಜಾಗ ಬಿಟ್ಟು ಸುತ್ತ ಬಹುಪಾಲು ಕಪ್ಪು. ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಕಪ್ಪು ಏರತೊಡಗಿದೆ. ಎಡಗಡೆಯದ್ದನ್ನು ನಾವು ಎಡಗಣ್ಣಿನಿಂದಲೂ ಬಲಗಣ್ಣಿನ ಮೂಗಿನ ಕಡೆಯ ನೋಟದಿಂದಲೂ ನೋಡುತ್ತೇವೆ. ಒಂದು ಕಳೆದಾಗ ಇನ್ನೊಂದು ತುಂಬಿಕೊಡುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ನನ್ನಲ್ಲಿ ಎರಡೂ ಕಡೆಯಿಂದ ಹೋಗಿದೆ. ನೋವಿಲ್ಲ, ಕೆಂಪಾಗುವುದಿಲ್ಲ. ಓದುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ನಡುವಿನ ನೋಟದ ಕೆಲಸವಾದ್ದರಿಂದ ಮೊದಲಿನಂತೆಯೇ ನಡೆಯುತ್ತದೆ. ಹೋದ ನೋಟ ತಿರುಗಿ ಬರುವುದಿಲ್ಲ, ರಾತ್ರಿ ಮಲಗುವಾಗ ಒಂದೊಂದು ಹನಿ ಔಷಧಿ ಬಿಟ್ಟುಕೊಂಡು ಉಳಿದದ್ದನ್ನು ಕಾಪಾಡಬಹುದು. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದರು. ನನ್ನ ಅಮ್ಮ ಕಡೆಗಾಲದಲ್ಲಿ ಬಾಗಿಲ ದಾರಂದಕ್ಕೆ ಭುಜ ಬಡಿದುಕೊಳ್ಳುತ್ತಿದ್ದಳು, ಹೊಸ್ತಿಲು ಎಡವುತ್ತಿದ್ದಳು. ವಯಸ್ಸಾಯಿತು ಅಂತ ಎಲ್ಲರೂ ಅಂದುಕೊಂಡಿದ್ದೆವು. ತಾಯಿ, ತಂದೆ, ಒಡಹುಟ್ಟಿದವರಿಗೆ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚಂತೆ. ಬೆಂಗಳೂರಿನ ಮಗಳಿಗೆ ಅಲ್ಲಿಂದಲೇ ಫೋನು ಮಾಡಿ ಕಣ್ಣು ತೋರಿಸಿಕೊಳ್ಳಲು ಹೇಳಿದೆ. ಸದ್ಯ ಅವಳದ್ದು ಸರಿಯಿದೆ, ವರ್ಷಕ್ಕೊಮ್ಮೆ ನೋಡಿಸಬೇಕು. ಇದನ್ನು ಓದುವವರಲ್ಲಿ ನಲವತ್ತು ದಾಟಿದವರು ದಯವಿಟ್ಟು ಒಮ್ಮೆ ಕಣ್ಣಿನ ಒತ್ತಡ ಅಳೆಸಿಕೊಳ್ಳಿ. ಕನ್ನಡಕದ ನಂಬರು ನೋಡಿಸಿದರೆ ಸಾಲದು.

"ಕಾರು ಓಡಿಸಬಹುದಾ?" ಅಂತ ಕೇಳಿದೆ. ಡಾಕ್ಟರು ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಇಟ್ಟರು. "ಟೀಚರ್ ಅಂತೀರಿ, ನೀವೇ ನೋಡಿ ಹೇಳಿ ಅಮ್ಮ."

ಊರಿಗೆ ಬಂದ ಮೇಲೆ ಸುದ್ದಿ ಹರಡಿತು. ಎಲ್ಲರೂ ಹೇಳಿದ್ದು ಒಂದೇ: "ಶಿವಮೊಗ್ಗ, ಉಡುಪಿ ಅಂತ ಹೋಗ್ಬೇಡಿ. ಕೊಪ್ಪದವರೆಗೆ ಏನಂತೆ, ಗೊತ್ತಿರೋ ರಸ್ತೆ." ಪ್ರೀತಿಯಿಂದ ಹೇಳಿದ ಮಾತು. ನನಗೂ ಅದನ್ನೇ ನಂಬುವ ಆಸೆ. ಕೂತು ಯೋಚಿಸಿದಾಗ ತಿಳಿದದ್ದು, ನನ್ನ ಅಪಾಯ ಇರುವುದೇ ಗೊತ್ತಿರುವ ರಸ್ತೆಯಲ್ಲಿ. ಹೊಸ ಊರಿನಲ್ಲಿ ಹೆದರಿಕೊಂಡು ತಲೆ ತಿರುಗಿಸಿ ತಿರುಗಿಸಿ ನೋಡುತ್ತೇನೆ. ನಮ್ಮೂರ ರಸ್ತೆಯ ಮೋರಿ, ಹಲಸಿನ ಮರ, ಉಣುಗೋಲು, ಮೈಲಿಗಲ್ಲು ಎಲ್ಲ ಬಾಯಿಪಾಠ. ಕಣ್ಣು ಕೊಡದ್ದನ್ನೆಲ್ಲ ನೆನಪು ಕೊಟ್ಟಿತು. ನೆನಪು ಧರೆಯನ್ನು ತಂದಿಟ್ಟಿತು, ಜರಿಗಿಡವನ್ನು ತಂದಿಟ್ಟಿತು. ಆ ಹೊತ್ತಿಗೆ ಅಲ್ಲಿ ಬಂದು ನಿಂತ ಹುಡುಗನನ್ನು ತರಲು ಅದಕ್ಕೆ ಹೇಗೆ ಸಾಧ್ಯ?

ನನ್ನ ಲೈಸೆನ್ಸಿನ ಅವಧಿ ಅಕ್ಟೋಬರಿಗೆ ಮುಗಿಯುವುದಿತ್ತು. ಐವತ್ತೈದು ದಾಟಿದವರಿಗೆ ಈಗ ಒಂದು ಸಲಕ್ಕೆ ಐದು ವರ್ಷ. 2020ರಲ್ಲಿ ನವೀಕರಿಸಿದ್ದೆ. ಕೊಪ್ಪದ ಕಂಪ್ಯೂಟರ್ ಅಂಗಡಿಯವನು ಫಾರಂಗಳನ್ನು ಮುದ್ರಿಸಿ ಕೊಟ್ಟಿದ್ದ. ಒಂದು ಡಾಕ್ಟರು ತುಂಬುವ 1ಎ ನಮೂನೆ, ಇನ್ನೊಂದು ನಾನೇ ಘೋಷಿಸಿಕೊಳ್ಳುವ ನಮೂನೆ 1. ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಒಳ್ಳೆ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಗುರುತಿಸಬಲ್ಲಿರಾ? ಬಲ್ಲೆ. ಕೆಂಪು, ಹಸಿರು ಬಣ್ಣದ ವ್ಯತ್ಯಾಸ ಗೊತ್ತಾಗುತ್ತದೆಯೇ? ಗೊತ್ತಾಗುತ್ತದೆ. ಇರುಳುಗುರುಡು? ಇಲ್ಲ. ಅಂಗಳದ ತುದಿಯಲ್ಲಿ ಕಾರು ನಿಲ್ಲಿಸಿ, ಹೆಜ್ಜೆಯಲ್ಲಿ ದೂರ ಅಳೆದು, ಕೆಎ 18 ಎಂಬಲ್ಲಿಂದ ಕೊನೆಯ ಅಂಕಿವರೆಗೆ ಓದಿಯೂ ನೋಡಿದೆ. ಸರಾಗ. ಬದಿಯ ನೋಟ ಎಷ್ಟಿದೆ ಅಂತ ಬೇರೆಯಾಗಿ ಕೇಳುವ ಸಾಲು ಆ ಫಾರಂಗಳಲ್ಲಿ ಇಲ್ಲ. ನಮ್ಮ ಪರಿಚಯದ ಡಾಕ್ಟರ ಹತ್ತಿರ ಹೋದರೆ ಸಹಿ ಸಿಗುತ್ತಿತ್ತು, ಇನ್ನೈದು ವರ್ಷ ಸಿಗುತ್ತಿತ್ತು, ಎಂಬತ್ತು ತುಂಬುವವರೆಗೆ.

ನಮೂನೆ 1ರಲ್ಲಿ ಇನ್ನೊಂದು ಪ್ರಶ್ನೆ ಇದೆ. ನೀವು ವಾಹನ ಓಡಿಸುವುದರಿಂದ ಸಾರ್ವಜನಿಕರಿಗೆ ಅಪಾಯವಾಗಬಹುದಾದ ಬೇರೆ ಯಾವುದೇ ರೋಗ ಅಥವಾ ನ್ಯೂನತೆ ನಿಮಗಿದೆಯೇ, ಇದ್ದರೆ ವಿವರ ಕೊಡಿ ಅನ್ನುವ ಅರ್ಥದ್ದು. 2020ರಲ್ಲಿ ಓದದೆಯೇ "ಇಲ್ಲ" ಅಂತ ಗುರುತು ಹಾಕಿದ್ದೆ. ಈ ಸಲ ಪೆನ್ನು ಅಲ್ಲೇ ನಿಂತಿತು. ಅಧಿಕಾರಿಗೂ ಗೊತ್ತಾಗದ, ಯಾವ ತಪಾಸಣೆಯಲ್ಲೂ ಸಿಕ್ಕಿಬೀಳದ ಉತ್ತರ. ನನ್ನನ್ನು ನಂಬಿ ಕೇಳಿದ ಪ್ರಶ್ನೆ ಅದು. "ಹೌದು. ಗ್ಲಾಕೋಮಾ. ಎಡಬದಿಯ ನೋಟ ಇಲ್ಲ" ಅಂತ ಬರೆದೆ. ಬರೆದ ಅಕ್ಷರ ಕಣ್ಣೆದುರು ಬಂದ ಮೇಲೆ ಇನ್ನೇನೂ ತೀರ್ಮಾನಿಸುವುದು ಉಳಿಯಲಿಲ್ಲ. ಫಾರಂ ಎಲ್ಲಿಗೂ ಕಳಿಸಲಿಲ್ಲ, ಲೈಸೆನ್ಸಿನ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆ. ಅವತ್ತು ತುಂಬ ಅತ್ತೆ. ಇವರು ಕಾಫಿ ಮಾಡಿ ತಂದಿಟ್ಟು, ಪಕ್ಕದಲ್ಲಿ ಕೂತಿದ್ದರು.

ನವರಾತ್ರಿಗೆ ಬಂದ ಮಗಳು, "ಕೊನೇ ಸಲ ನೀನು ಓಡ್ಸು ಅಮ್ಮ, ನಾನು ಪಕ್ಕ ಕೂರ್ತೀನಿ" ಅಂದಳು. ಬೇಡ ಅಂದೆ.

ಕಾರನ್ನು ಮಾರಿದ್ದು ನನ್ನ ಹಳೇ ವಿದ್ಯಾರ್ಥಿಗೆ. ನಮೂನೆ 29, 30ಕ್ಕೆ ಸಹಿ ಹಾಕಿ, ಆರ್.ಸಿ. ಅವನ ಹೆಸರಿಗೆ ಆಗುವವರೆಗೆ ಕೀ ಕೊಡಲಿಲ್ಲ. ಅಪಘಾತವಾದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ವಿಶ್ವಾಸದ ಮೇಲೆ ಕಾರು ಕೊಟ್ಟು ಕಾಗದ ಮಾಡಿಸದೆ ಬಿಡುವವರು ನಮ್ಮ ಕಡೆ ಬಹಳ ಜನ ಇದ್ದಾರೆ, ಅದಕ್ಕೆ ಹೇಳಿದೆ.

ಬದುಕು ನಡೆಸುವ ದಾರಿಯನ್ನು ಕಾರು ಹೋಗುವ ಮೊದಲೇ ಹುಡುಕಿಕೊಂಡೆವು. ಹಿಂದಿನ ಒಂದು ತಿಂಗಳಲ್ಲಿ ಎಲ್ಲೆಲ್ಲಿಗೆ, ಯಾಕೆ ಹೋಗಿದ್ದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ಹದಿನೇಳು ಓಡಾಟ. ಅದರಲ್ಲಿ ಏಳು, ಮರೆತದ್ದನ್ನು ತರಲು ಮತ್ತೆ ಹೋದದ್ದು. ವಾರಕ್ಕೊಂದು ದಿನ, ಸಂತೆ ದಿನ, ಆಟೋ ಗೊತ್ತು ಮಾಡಿದೆವು. ಪೆಟ್ರೋಲು, ಇನ್ಶೂರೆನ್ಸು, ಸರ್ವೀಸು ಸೇರಿಸಿ ಕಾರಿಗೆ ವರ್ಷಕ್ಕೆ ಆಗುತ್ತಿದ್ದ ಖರ್ಚಿನಲ್ಲಿ ಈ ಆಟೋ ಬಾಡಿಗೆ ಕೊಟ್ಟು, ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಬಾಡಿಗೆ ಕಾರಿನಲ್ಲಿ ನಾಲ್ಕು ಸಲ ಹೋಗಿ ಬಂದರೂ ಸ್ವಲ್ಪ ಉಳಿಯುತ್ತದೆ. ಇಬ್ಬರು ಜೀಪಿನವರ ನಂಬರು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿದೆ, 108ರ ಪಕ್ಕದಲ್ಲಿ.

ಬಸ್ಸಿನ ವಿಷಯಕ್ಕೆ ಮಾತ್ರ ಮನಸ್ಸು ನೋಯುತ್ತದೆ. 1991ರಲ್ಲಿ ಕಾರ್ಮಿಕರೇ ಕೂಡಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ನಮ್ಮ ಮಲೆನಾಡಿನ ಮೂಲೆಮೂಲೆಗೆ ಬಸ್ಸು ಕಳಿಸಿತ್ತು. 2020ರಲ್ಲಿ ನಷ್ಟದಿಂದ ಅದು ನಿಂತಿತು. ಅವು ಓಡುತ್ತಿದ್ದರೆ ನನ್ನಂಥವರಿಗೆ ಕಾರು ಬಿಡುವುದು ಇಷ್ಟು ಭಾರವಾಗುತ್ತಿರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಗೆ ದುಡ್ಡಿಲ್ಲ. ನನಗೆ ಸೊನ್ನೆಯ ಟಿಕೇಟು, ಇವರಿಗೆ ಹಿರಿಯ ನಾಗರಿಕರ ಕಾಲುಭಾಗದ ರಿಯಾಯಿತಿ. ಆದರೆ ಅದು ಸರ್ಕಾರಿ ಬಸ್ಸು ಬರುವ ರಸ್ತೆಯಲ್ಲಿ ಇರುವವರಿಗೆ. ಖಾಸಗಿ ಬಸ್ಸೊಂದನ್ನೇ ನಂಬಿದ ಊರಿನ ಮುದುಕಿಗೆ ಅದು ಸಿಗುವುದಿಲ್ಲ. ವಯಸ್ಸಾದವರು ಕಾರು ಬಿಡಲಿ ಅಂತ ಮಕ್ಕಳು ಬಯಸುವುದು ಸರಿ, ಬಿಟ್ಟ ಮೇಲೆ ಹತ್ತಲು ಒಂದು ಬಸ್ಸು ಬೇಕಲ್ಲ.

ನನ್ನ ಓಡಾಟ ಹೇಗೋ ನಡೆಯುತ್ತಿದೆ. ತುಂಬಿಕೊಳ್ಳಲು ಆಗದೆ ಉಳಿದದ್ದು ಬೇರೆ. ಈ ಮಾರ್ಗಶಿರದಲ್ಲಿ ಒಂದು ರಾತ್ರಿ ಆಚೆಮನೆಯ ಸೊಸೆಗೆ ಹೊಟ್ಟೆನೋವು ಅಂತ ಮನೆ ಮುಂದೆ ಟಾರ್ಚು ಹಿಡಿದು ಜನ ಓಡಾಡಿದ್ದು ಕಂಡಿತು. ಯಾರೂ ನಮ್ಮ ಅಂಗಳಕ್ಕೆ ಬರಲಿಲ್ಲ. ಎಲ್ಲಿಂದಲೋ ಜೀಪು ತರಿಸಿದರು. ಬೆಳಿಗ್ಗೆ ಅವಳು ಹುಷಾರಾಗಿದ್ದಾಳೆ ಅಂತ ತಿಳಿದು ಸಮಾಧಾನವಾಯಿತು. ಆದರೂ ಆ ರಾತ್ರಿ ಜಗಲಿಯಲ್ಲಿ ಕೂತು ಜೀಪಿನ ಲೈಟು ಗುಡ್ಡ ಹತ್ತುವುದನ್ನು ನೋಡುತ್ತಿದ್ದಾಗ, ನನ್ನ ಕೈ ಬಾಗಿಲ ಪಕ್ಕದ ಕೀ ಮೊಳೆಯ ಮೇಲೆ ಹೋಗಿತ್ತು.

ಕೆಳಮನೆಯ ಹುಡುಗನಿಗೆ ನಿಜ ಹೇಳಿದೆ. ಹಾಳೆಯ ಮೇಲೆ ಗುರುತು, ಚುಕ್ಕಿ ಬರೆದು ಪ್ರಯೋಗ ಮಾಡಿಸಿಯೇ ಹೇಳಿದೆ. "ಗಾಜಿನ ಮೇಲೆ ನೀರಿರ್ಲಿಲ್ಲ ಮಗಾ." ಅವನು ಎರಡು ಸಲ ಚುಕ್ಕಿ ಮಾಯ ಮಾಡಿ ನೋಡಿದ. "ಹಂಗಾದ್ರೆ ನಾನು ಬಲಗಡೆ ನಿಲ್ಬೇಕಿತ್ತು" ಅಂದ.

ಈಗ ಬಸ್ಸಿಗೆ ಅಂತ ಹೆದ್ದಾರಿವರೆಗೆ ನಡೆಯುವ ದಿನಗಳಲ್ಲಿ ಇವರೂ ಬರುತ್ತಾರೆ. ಐವತ್ತು ವರ್ಷ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದವರು ಈಗ ಎಡಗಡೆ ಜೊತೆಗೆ ಹೆಜ್ಜೆ ಹಾಕುತ್ತಾರೆ. ಮೊನ್ನೆ ಸಂಕದ ತಿರುವಿನ ಹತ್ತಿರ ಮೆಲ್ಲಗೆ ಅಂದರು, "ಎಡಗಡೆ ದನ." ನಿಂತು, ಕುತ್ತಿಗೆ ಪೂರ್ತಿ ಹೊರಳಿಸಿ ನೋಡಿದೆ. ಕಂದು ಬಣ್ಣದ ಮಲೆನಾಡು ಗಿಡ್ಡ. ಕರು ಹಾಕಿ ನಾಲ್ಕೈದು ದಿನವಾಗಿರಬೇಕು, ಕರು ಧರೆಯ ನೆರಳಲ್ಲಿ ಮಲಗಿತ್ತು.